ಎಷ್ಟು ಹಡಗು

ವಾಲ್‌ಪರೈಸೊದ ಈ ಗುಡ್ಡಕ್ಕೆ ಎರಡು ಮರದ ಪೆಟ್ಟಿಗೆ.
ಒಂದು ಏರಿದರೆ ಇನ್ನೊಂದು ಇಳಿಯುತ್ತದೆ,
ನಡುದಾರಿಯಲ್ಲಿ ಎದುರಾಗಿ
ಜಗಳವಾಡಿದ ಓರಗಿತ್ತಿಯರ ಹಾಗೆ
ಮುಖ ನೋಡದೆ ದಾಟುತ್ತವೆ.
ಮೇಲಿನ ಗೂಡಿನಲ್ಲಿ ನಾನು. ಎಡೆಲ್ಮೀರಾ.
ಕಾಸು ಎಣಿಸುವುದು, ಗಂಟೆ ಬಾರಿಸುವುದು, ಸನ್ನೆಕೋಲು ಎಳೆಯುವುದು,
ಇಷ್ಟೇ ಕೆಲಸ. ಉಳಿದದ್ದು ಬಿಡುವು.

ಬಿಡುವೆಂದರೆ ದೊಡ್ಡದಲ್ಲ:
ಏಳು ನಿಮಿಷ, ನಾಲ್ಕು, ಚಳಿಗಾಲದ ಮಧ್ಯಾಹ್ನ ಇಪ್ಪತ್ತು.
ಕೂಡಿಸಿದರೆ ದಿನಕ್ಕೆ ಐದು ಗಂಟೆ ಎಂದು
ತಂಗಿಯ ಮಗ ಲೆಕ್ಕ ಹಾಕಿ ಹೇಳಿದಾಗ
ಯಾರೋ ನನ್ನ ಜೇಬಿಗೆ ಕೈ ಹಾಕಿದಂತಾಯಿತು.
ಹಾಕಿದ್ದು ನನ್ನದೇ ಹೆಬ್ಬೆರಳು.

ಅದಕ್ಕೆ ನನ್ನ ಅಪ್ಪಣೆ ಬೇಡ.
ಪೆಟ್ಟಿಗೆ ಹೊರಟ ಸದ್ದಿಗೇ ಗಾಜಿನ ಮೇಲೆ ಜಾರುತ್ತದೆ:
ಯಾರೋ ಸೋಪು ಕತ್ತರಿಸುತ್ತಾರೆ,
ಯಾರೋ ಬೆಕ್ಕಿಗೆ ಟೋಪಿ ತೊಡಿಸುತ್ತಾರೆ,
ಒಬ್ಬಳು ಅಳುತ್ತಾಳೆ, ಯಾಕೆಂದು ತಿಳಿಯುವ ಮೊದಲೇ
ಒಬ್ಬ ಮೊಟ್ಟೆ ಒಡೆಯುತ್ತಾನೆ.
ಅಕ್ಷರ ಬಾರದ ನನ್ನಜ್ಜಿ ಕಾಗದಕ್ಕೆ ಒತ್ತಿದ್ದೂ ಹೆಬ್ಬೆರಳನ್ನೇ,
ಮಸಿಯಲ್ಲಿ ಅದ್ದಿ, ಉಸಿರು ಬಿಗಿಹಿಡಿದು,
ಬದುಕಿನಲ್ಲಿ ಮೂರೇ ಸಲ.
ನಾನು ಓದಿದವಳು. ನನ್ನದು ಲೆಕ್ಕಕ್ಕೆ ಸಿಗದು.

ದೊನ್ ಅನಿಸೇತೊ ಬರುವುದು ಮೂರೂವರೆಗೆ.
ಬಂದರಿನಲ್ಲಿ ಮೂವತ್ತೊಂದು ವರ್ಷ ಮೂಟೆ ಹೊತ್ತ ಬೆನ್ನು,
ಕಣ್ಣಿನಲ್ಲಿ ಈಗ ಅಕ್ಕಿ ತೊಳೆದ ನೀರು.
ಮೇಲೆ ಬಂದು, ಕಂಬಿ ಹಿಡಿದು, ಸಮುದ್ರದ ಕಡೆ ತಿರುಗಿ
ದಿನಾ ಒಂದೇ ಪ್ರಶ್ನೆ:
"ಎಡೆ, ಇವತ್ತು ಎಷ್ಟು ಹಡಗು?"
ತಲೆ ಎತ್ತದೆ ನಾನು: "ಆರು."
ನಿನ್ನೆಯೂ ಆರು. ಮೊನ್ನೆಯೂ.
ಆರು ಎನ್ನುವುದು ಸುಲಭ, ನಾಲಿಗೆಗೆ ಭಾರವಿಲ್ಲ.
"ಆರು," ಎಂದು ತಾನೂ ಒಮ್ಮೆ ಹೇಳಿಕೊಂಡು
ಬ್ರೆಡ್ಡಿನ ಚೀಲ ಹಿಡಿದು ಮನೆಗೆ ಹೋಗುತ್ತಿದ್ದ.

ಜೂನ್ ತಿಂಗಳ ಒಂದು ದಿನ ಹೋಗಲಿಲ್ಲ.
ನಿಂತೇ ಇದ್ದ. ಗಾಳಿಗೆ ತಗಡಿನ ಮನೆಗಳು ಹಲ್ಲು ಕಡಿಯುತ್ತಿದ್ದವು.
"ಬಿರುಗಾಳಿಯೆಂದು ಬೆಳಿಗ್ಗೆಯೇ ಬಂದರು ಮುಚ್ಚಿದರಂತೆ," ಎಂದ ಮೆಲ್ಲಗೆ,
"ಹಡಗುಗಳನ್ನೆಲ್ಲ ಆಳಕ್ಕೆ ಕಳಿಸಿದರಂತೆ.
ಹಾಗಾದರೆ ಈ ಆರು ಯಾರವು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.
ಅವನು ನಿಜಕ್ಕೂ ಕೇಳುತ್ತಿದ್ದ,
ನನಗೇನೋ ಕಾಣುತ್ತಿರಬೇಕೆಂಬ ನಂಬಿಕೆಯಲ್ಲಿ.
ಫೋನ್ ಕೈಯಲ್ಲೇ ಇತ್ತು. ಮೊಟ್ಟೆ ಒಡೆಯುತ್ತಲೇ ಇತ್ತು.
ಎದ್ದು ಕಿಟಕಿಗೆ ಹೋದೆ.
ಹನ್ನೆರಡು ವರ್ಷ ಬೆನ್ನ ಹಿಂದಿದ್ದ ಕಡಲು
ಬರಿದಾಗಿತ್ತು. ಬೂದು. ಒಂದೂ ಇಲ್ಲ.
"ಸೊನ್ನೆ," ಎಂದೆ.
ಸೊನ್ನೆ ಹೇಳಲು ಅಷ್ಟು ಹೊತ್ತು ನೋಡಬೇಕಾಯಿತು.

ಆಮೇಲೆ ನಾನೇನೂ ಸನ್ಯಾಸಿನಿಯಾಗಲಿಲ್ಲ.
ರಾತ್ರಿ ಹಾಸಿಗೆಯಲ್ಲಿ ಬೆಕ್ಕಿನ ಟೋಪಿ ಈಗಲೂ ನೋಡುತ್ತೇನೆ.
ಬೆರಳಿಗೆ ಜೇಬಿನ ದಾರಿ ಮರೆತಿಲ್ಲ.
ಆದರೆ ಮೂರರ ಸುಮಾರಿಗೆ ಎಣಿಸುತ್ತೇನೆ.
ಎಣಿಸಲು ಹೊರಟ ಕಣ್ಣು ಅಲ್ಲಿಗೇ ನಿಲ್ಲುವುದಿಲ್ಲ:
ಆ ಕೆಂಪು ಹೊಟ್ಟೆಯ ಹಡಗು ಖಾಲಿ, ಅದಕ್ಕೇ ಅಷ್ಟೆತ್ತರ ನಿಂತಿದೆ;
ಕೆಳಗಿನ ಮನೆಯ ರೋಸಾಲ್ಬಾ ಒಣಹಾಕುವ ಅಂಗಿಗೆ
ಒಂದು ತೋಳನ್ನು ಹೊಲಿದು ಮುಚ್ಚಿದೆ,
ಯಾರದೆಂದು ಇನ್ನೂ ಕೇಳಿಲ್ಲ;
ಕಂದು ನಾಯಿಯೊಂದು ಟಿಕೆಟಿಲ್ಲದೆ ಪೆಟ್ಟಿಗೆಯಲ್ಲಿ ಇಳಿದು
ಮೆಟ್ಟಿಲು ಹತ್ತಿಯೇ ವಾಪಸು ಬರುತ್ತದೆ.
ಕೆಲವು ದಿನ ಏನೂ ಇಲ್ಲ. ಬೇಸರ.
ಬೇಸರದಲ್ಲೂ ಬಣ್ಣವಿದೆ ಎಂದೆಲ್ಲ ಹೇಳಲಾರೆ.
ಬೇಸರ ಬೇಸರವೇ.

ಕಳೆದ ವಾರ ಮೂರು ದಿನ ಅವನ ಸುಳಿವಿಲ್ಲ.
ಕೆಮ್ಮು ಎಂದರು. ಯಾರೂ ಕೇಳದ ಲೆಕ್ಕವನ್ನು
ಹಳೆಯ ಟಿಕೆಟಿನ ಬೆನ್ನಿಗೆ ಬರೆದು
ಚಿಲ್ಲರೆ ತಟ್ಟೆಯ ಕೆಳಗಿಟ್ಟೆ.
ಗುರುವಾರ ಮಫ್ಲರ್ ಸುತ್ತಿಕೊಂಡು ಬಂದ.
"ಸೋಮವಾರ ಐದು," ಓದಿದೆ. "ಬುಧವಾರ ಏಳು, ಒಂದು ಬಿಳಿಯದು."
"ಮಂಗಳವಾರ?"
"ಮಂಜಿತ್ತು. ಎರಡು. ಮೂರಿರಬಹುದು. ಖಂಡಿತ ಹೇಳಲಾರೆ."
ಕಂಬಿಗೆ ಕೈ ಊರಿ ಸ್ವಲ್ಪ ಹೊತ್ತು ಸುಮ್ಮನಿದ್ದ.
"ಮೂರು," ಎಂದ. "ಮಲಗಿದ್ದಲ್ಲೇ
ಅದರ ಕೂಗು ಕೇಳಿದೆ."

ಕೆಳಗೆ ಗಂಟೆ ಬಡಿಯಿತು. ಸನ್ನೆಕೋಲು ಎಳೆದೆ.
ಟಿಕೆಟಿನ ಮೇಲಿನ ಎರಡನ್ನು
ತಿದ್ದಿ ಮೂರು ಮಾಡಿದೆ.