ಮುದ್ದೆಮಾಲು

ಬಳ್ಳಾರಿ ಕೌಲ್ ಬಜಾರು, ಶಾಲೆ ಗೇಟಿನೆದುರು
ಝೆರಾಕ್ಸ್ ಅಂಗಡಿಯ ಪರದೆ ಹಿಂದೆ
ಮೂರು ಗಾಲಿಯ ಜೂಜಿನ ಪೆಟ್ಟಿಗೆ ಸಿಕ್ಕಿತು.
ಪಂಚರು ಬೇಕೆಂದು
ಎದುರು ಮನೆಯ ನನ್ನನ್ನೂ ಕರೆದರು.

ಪೇದೆ ಅದರ ಬೆನ್ನು ಬಿಚ್ಚಿ ತೋರಿಸಿದ:
ಇಗೋ ಈ ಸ್ಕ್ರೂ,
ಮೂರನೇ ಏಳು ಎಂದೂ ಬಾರದ ಹಾಗೆ.
ದಿನವಿಡೀ ಸೂಜಿಗೆ ದಾರ ಹಾಕುವ ಕಣ್ಣು ನನ್ನದು,
ಆದರೂ ಬಗ್ಗಿ ನೋಡಬೇಕಾಯಿತು.

ಸುರಿದರೆ, ಐದರ ನಾಣ್ಯಗಳ ನಡುವೆ
ಜೀನ್ಸಿನ ಹಿತ್ತಾಳೆ ಗುಂಡಿಗಳು.
ಇವೇನಮ್ಮ?
ಗೊತ್ತಿಲ್ಲ ಸಾಹೇಬ್ರ, ಅಂದೆ.

ಗೊತ್ತಿಲ್ಲದೇ ಏನು.
ಹೋದ ತಿಂಗಳು ಲೆಕ್ಕಕ್ಕೆ ಕಡಿಮೆ ಬಿದ್ದವೆಂದು
ಸೇಠು ನನ್ನ ಕೂಲಿಯಲ್ಲಿ ಮುರಿದುಕೊಂಡದ್ದು
ಇವಕ್ಕೇ, ಈ ಲಂಗರಿನ ಗುರುತಿನವಕ್ಕೆ.

ಬರೆದುಕೊಂಡರು:
ನಾಣ್ಯ, ಒಂಬೈನೂರ ಹದಿನೈದು ರೂಪಾಯಿ.
ಗುಂಡಿ, ಬೆಲೆಯಿಲ್ಲದವು.
ಎಷ್ಟಿವೆ ಎಣಿಸು ಅಂದರು.
ನಲವತ್ತೊಂದಿದ್ದವು.
ನಲವತ್ತು ಅಂದೆ.

ಜನರ ನಡುವೆ, ನನಗೆ ಗುಂಡಿ ಪೊಟ್ಟಣ ತಂದುಕೊಡುವ
ಅಕ್ಕನ ಮಗ ಜಿಲಾನಿ
ತನ್ನ ಕಾಲ್ಬೆರಳು ನೋಡುತ್ತ ನಿಂತಿದ್ದ.
ಎಡಮುಷ್ಟಿ ಬಿಗಿದೇ
ಬಲಗೈಲಿ ಸಹಿ ಹಾಕಿದೆ.