ಗಂಜಾಮಿನ ಕತ್ತಿಗೆ ರಸೀದಿ

ರಾಗಿ ಚೀಲದಲ್ಲಿ ಸುತ್ತಿ, ಸೈಕಲ್ ಬಾರಿಗೆ ಕಟ್ಟಿ
ಗಂಜಾಮಿನಿಂದ ಮೈಸೂರಿಗೆ ತುಳಿದುಕೊಂಡು ಬಂದಿದ್ದ ಇನ್ನಾಸಪ್ಪ.
ಪ್ರಯೋಗಾಲಯದ ಹೊಸ್ತಿಲಾಚೆ ಚಪ್ಪಲಿ ಬಿಟ್ಟ.

"ಕದ್ದಿದ್ದಲ್ಲ ಕಣವ್ವ. ಚೌರಮ್ಮಂಗೆ ಗುಂಡಿ ತೋಡ್ತಿದ್ದೆ,
ಗುದ್ದಲಿಗೆ ಟಣ್ ಅಂತು.
ಕೈಮೂಳೆ ಇದ್ರ ಮೇಲೇ ಇತ್ತು.
ಬುಡುಸ್ಕೊಳಕ್ಕೆ ಮನಸು ಬರ್ನಿಲ್ಲ. ಆದ್ರೂ ಬುಡುಸ್ದೆ.
ಪಾದ್ರಿಗಳು ಅಂದ್ರು, ಮೈಸೂರಲ್ಲಿ ಕೊಟ್ಟು ಚೀಟಿ ಈಸ್ಕಂಡು ಬಾ."

ಚೀಟಿ ಬರೆದೆ. ಕತ್ತಿ, ಒಂದು. ಕಬ್ಬಿಣ.
ಉದ್ದ ಎರಡೂ ಮುಕ್ಕಾಲು ಅಡಿ. ಸ್ಥಿತಿ ಕೆಟ್ಟದ್ದು.
ಕಾಲ ಎಂಬ ಕಾಲಮ್ಮಿಗೆ ಬಂದು ಪೆನ್ನು ನಿಂತಿತು.

ಕೆಲಸಕ್ಕೆ ಸೇರಿದ ವರ್ಷ ಮೇಷ್ಟ್ರು ಕೈಗಿತ್ತ ಪುಸ್ತಕದಲ್ಲಿ
ಬರೀ ಡೆನ್ಮಾರ್ಕಿನ ಕತ್ತಿಗಳು.
ಗೋರಿಗಳಿಂದ ತೆಗೆದವು. ಕೆಲವು ಇಗರ್ಜಿಯ ನೆಲಗಲ್ಲಿನಡಿ
ಸತ್ತವನ ಎಡಮಗ್ಗುಲಲ್ಲಿ ಮಲಗಿದ್ದವು.
ಹಿಡಿಯ ತುದಿಗೆ ಹಲಸಿನ ಬೀಜದಂಥ ಗುಂಡು,
ಅಲಗಿನ ಮೇಲೆ ಯಾರಿಗೂ ಓದಲಾಗದ ಅಕ್ಷರ.
ದೇವರ ಮನೆಯೊಳಗೆ ಆಯುಧವೇಕೆ ಅಂದಿರುತ್ತಾರೆ ಒಬ್ಬರು;
ಬರಿಗೈಲಿ ಹೇಗಪ್ಪಾ ಕಳಿಸೋದು ಅಂದಿರುತ್ತಾರೆ ಇನ್ನೊಬ್ಬರು,
ನಮ್ಮಜ್ಜಿಯ ಸೆರಗಿಗೆ ನಾವು ಎಲೆಯಡಿಕೆ ಕಟ್ಟಿ ಕಳಿಸಿದ ಹಾಗೆ.
ಆಗ ನನಗೆ ಇಪ್ಪತ್ತಮೂರು.
ಅಲಗು ನೋಡಿದೆ, ಅಳತೆ ಬರೆದುಕೊಂಡೆ.
ಚಿತ್ರದಡಿಯ ಸಣ್ಣಕ್ಷರದ ಸಾಲು ಓದಲಿಲ್ಲ.

ಗಂಜಾಮಿನ ಕತ್ತಿಗೆ ಗುಂಡಿಲ್ಲ, ಅಕ್ಷರವಿಲ್ಲ.
ಯಾವ ದಂಡಿನವನೋ, ಯಾವ ದೇಶದವನೋ,
ಇಲ್ಲೇ ಪಾಲಹಳ್ಳಿಯ ಕಡೆಯವನೋ.
ಹದಿನಾಲ್ಕು ದಿನ ಸೂಜಿಮೊನೆಯಲ್ಲಿ ಮಣ್ಣು ಬಿಡಿಸಿದೆ.
ತುಕ್ಕು ಪಕಳೆ ಪಕಳೆಯಾಗಿ ಏಳುತ್ತಿತ್ತು.
ಒಳಗೆ ಲೋಹ ಸಿಕ್ಕೀತು, ಮಿಂಚೀತು ಅಂತ ಆಸೆ.
ಒಳಗೂ ತುಕ್ಕೇ.

ಹದಿನೈದನೆಯ ದಿನ, ಹಿಡಿಯ ಹತ್ತಿರ,
ಭೂತಗನ್ನಡಿಯಡಿ ಒಂದು ಗೆರೆ. ಅದನ್ನು ದಾಟಿ ಇನ್ನೊಂದು.

ಮೇಲುಕೋಟೆಯಲ್ಲಿ ಪಂಚೆ ನೇಯುತ್ತಿದ್ದ ತಾತನ ಮೊಮ್ಮಗಳು ನಾನು,
ಬೆರಳು ತಾನಾಗಿ ಎಣಿಸಿತು:
ಬೆರಳಗಲಕ್ಕೆ ಮೂವತ್ತು ಹಾಸು, ಇಪ್ಪತ್ತಾರು ಹೊಕ್ಕು.
ನೂಲಿಲ್ಲ. ನೂಲು ಎಂದೋ ಮಣ್ಣಾಯಿತು.
ಅದು ಹೋಗುವ ಮುಂಚೆ ಕಬ್ಬಿಣ ಕರಗಿ ಬಂದು
ಎಳೆಯಿದ್ದಲ್ಲೆಲ್ಲ ಎಳೆಯಾಗಿ ಕೂತಿದೆ.
ಬಟ್ಟೆ ಎರಡು ಸುತ್ತು ಸುತ್ತಿದ್ದಾರೆ. ಆಮೇಲೆ ಗಂಟು.
ಎಡಕ್ಕೆ ಎಳೆದ ಗಂಟು.
ಕಟ್ಟಿದವಳು ಎಡಚಿಯೋ ಏನೋ,
ಅಥವಾ ಬಲಗೈ ಅವನ ಕೈ ಬಿಟ್ಟಿರಲಿಲ್ಲವೋ.

ಪುಸ್ತಕ ಹುಡುಕಿ ತೆಗೆದೆ. ಸಣ್ಣಕ್ಷರದ ಸಾಲು:
ಹಿಡಿಯ ತುಕ್ಕಿನಲ್ಲಿ ನಾರುಬಟ್ಟೆಯ ಮಡಿಕೆಯ ಗುರುತು.
ಅಷ್ಟೆ. ಪೂರ್ಣವಿರಾಮ.
ಹೆಪ್ಪುಗಟ್ಟಿದ ಆ ನೆಲದಲ್ಲೂ ಒಬ್ಬಳು ಕೂತು ಸುತ್ತಿದ್ದಳು,
ಇಪ್ಪತ್ತು ವರ್ಷ ಅವಳ ಮೇಲೆ ನಾನು ಪುಟ ಮಗುಚಿದ್ದೆ.

ಮೇಲಧಿಕಾರಿ ಕೇಳಿದರು, ಯಾವಾಗ ಸ್ವಚ್ಛವಾಗುತ್ತೆ?
ತುಕ್ಕು ತೆಗೆದರೆ ಬಟ್ಟೆ ಹೋಗುತ್ತೆ ಸಾರ್, ಅಂದೆ.
ಯಾವ ಬಟ್ಟೆ, ಅಂದರು.

ಇನ್ನಾಸಪ್ಪ ಮತ್ತೆ ಬಂದ, ಚೀಟಿ ಮಡಚಿ ಮಡಚಿ ಹರಿದಿತ್ತು.
ತೋರಿಸಿದೆ. ಒಂದು ಕಣ್ಣು ಮುಚ್ಚಿ ಗಾಜಿನೊಳಗೆ ಬಹಳ ಹೊತ್ತು ನೋಡಿದ.
"ಚೌರಮ್ಮನ ಕೈಗೂ ಅವಳ ಮಗಳು ಜಪಸರ ಹಿಂಗೇ ಸುತ್ತಿದ್ಲು," ಅಂದ.
ಹೊರಡುವಾಗ, ಬಾಗಿಲಲ್ಲಿ ಒಂದು ಕಾಲು ಚಪ್ಪಲಿಗೆ ತೂರಿಸುತ್ತಾ,
ಯಾರಿಗೂ ಹೇಳಬೇಡಿ ಎಂಬಂತೆ:
"ಆ ಜಾಗ ಖಾಲಿ ಬುಡಬಾರ್ದು ಅನ್ನುಸ್ತು ಕಣವ್ವ.
ನನ್ನ ಹಳೇ ಗುದ್ದಲಿ ಸವೆದು ಅಂಗೈಯಷ್ಟಾಗಿತ್ತು,
ಅವನ ಕೈ ಕೆಳಗೆ ಅದನ್ನೇ ಮಡಗ್ದೆ."

ಮುಂದೆ ಎಂದಾದರೂ ಯಾರಾದರೂ ಅಗೆದಾರು,
ಚೀಟಿ ಬರೆದಾರು: ಆಯುಧ, ಒಂದು. ಕಬ್ಬಿಣ.
ಏನಾದರೂ ಸುತ್ತಿ ಇಟ್ಟೆಯಾ, ಅಂತ ಕೇಳಬೇಕೆನ್ನುವಷ್ಟರಲ್ಲಿ
ಸೈಕಲ್ ಬೆಲ್ಲು ತಿರುವು ದಾಟಿತ್ತು.