ಒಂಬತ್ತು ಗಂಟೆಯ ಬಂಗುಡೆ

ಅಜ್ಮಾನಿನ ಮೀನಂಗಡಿಗೆ ನಾನು ಮೊಬೈಲ್ ಹಿಡಿಯುವವಳು.
ರಾತ್ರಿ ಒಂಬತ್ತಕ್ಕೆ ಐಸಿನ ಮೇಲೆ ಬಂಗುಡೆ ಮಲಗಿಸಿ
ದರ ಹೇಳುತ್ತೇನೆ, ನಮ್ಮ ಕುಂದಾಪ್ರ ಕನ್ನಡದಲ್ಲಿ.

"ಫಾಲೋವರ್ಸ್ ಹದಿನಾಲ್ಕು ಸಾವಿರ, ಸರಿ. ಗಿರಾಕಿ ಎಷ್ಟು?"
ಕ್ಯಾಲ್ಕುಲೇಟರ್ ಒತ್ತುತ್ತಲೇ ಕೇಳುತ್ತಾರೆ ಹಂಝಾಕ.
ನನ್ನ ಬಳಿ ಗ್ರಾಫ್ ಇದೆ, ಉತ್ತರ ಇಲ್ಲ.

ಕೂಪನ್ ಇಟ್ಟ ವಾರ ಮೂರು ಸಾವಿರ ಜನ ನುಗ್ಗಿದರು.
ಕೂಪನ್ ಮುಗಿಯಿತು, ಹೊರಟರು,
ಲಿಫ್ಟಿನ ಬಾಗಿಲು ತೆರೆದ ಹಾಗೆ.

ಒಬ್ಬ ದೂಮಪ್ಪ ಮಾತ್ರ
ರುವೈಸಿನ ಕ್ರೇನಿನ ಕ್ಯಾಬಿನ್ನಿಂದ
ದಿನಾ ಅದೇ ಸಾಲು ಬರೆಯುತ್ತಾನೆ:
"ಕಿವಿರು ಕೆಂಪಿದ್ಯಾ, ನೋಡಿ ಕೊಡಿ."
ಮೂರು ವರ್ಷ. ಒಂದು ಮೀನೂ ಕೊಂಡವನಲ್ಲ;
ಅವನ ಕ್ಯಾಂಪಿನವರೆಗೆ ನಮ್ಮ ವ್ಯಾನು ಹೋಗುವುದಿಲ್ಲ.

ನನಗೆ ಜ್ವರ ಬಂತು. ಎರಡು ದಿನ ವಿಡಿಯೋ ಇಲ್ಲ.
ಗ್ರಾಫ್ ಕದಲಲೂ ಇಲ್ಲ.
ಮೂರನೆಯ ದಿನ ಅಂಗಡಿಗೇ ಫೋನು:
"ದರ ಹೇಳುವ ಹುಡುಗಿಗೆ ಏನಾಯ್ತು?"

ಹಂಝಾಕ ಕ್ಯಾಲ್ಕುಲೇಟರ್ ಕೆಳಗಿಟ್ಟರು.
"ಅವನ ನಂಬರು ಬರೆದಿಟ್ಟುಕೋ" ಅಂದರು.
ಯಾವ ಕಾಲಮ್ಮಿನಲ್ಲಿ, ಹೇಳಲಿಲ್ಲ.

ಇವತ್ತು ಒಂಬತ್ತಕ್ಕೆ, ದರಕ್ಕೂ ಮೊದಲು,
ಬೆರಳಿಂದ ಕಿವಿರು ಎತ್ತಿ
ಕ್ಯಾಮೆರಾಗೆ ಹಿಡಿದೆ.